ಓದುಗರ ಪ್ರಶ್ನೆ: ದೋಣಿಯ ಆಳಮಾಪಕವನ್ನು ಎಲ್ಲಿ ಕೂರಿಸಬೇಕು?

ಗೋವಾದಲ್ಲಿ ನೆಲೆಸಿರುವ ಕನ್ನಡಿಗ ಓದುಗರಿಂದ ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ಸಾಧನಕ್ಕೆ ಸಂಬಂಧಿಸಿದವು. ಆದ್ದರಿಂದ ಅವುಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲನೆಯ ಉತ್ತರ ದೀರ್ಘವಾಗಿದೆ. ಉಳಿದೆರಡು ಪತ್ರ ಬರೆದವರೂ ಅದನ್ನು ಓದಿಕೊಂಡೇ ಮುಂದುವರಿಯಬೇಕೆಂದು ಕೋರುತ್ತೇನೆ.

ಪ್ರಶ್ನೆ: ನಾನು ಮೂಲತಃ ಹೊನ್ನಾವರದವನು. ಉದ್ಯೋಗದ ನಿಮಿತ್ತ ಇಪ್ಪತ್ತು ವರ್ಷಗಳಿಂದ ವಾಸ್ಕೊದಲ್ಲಿದ್ದೇನೆ. ಎರಡು ವರ್ಷಗಳ ಹಿಂದೆ 19 ಅಡಿಯ ಫೈಬರ್ ದೋಣಿಯೊಂದನ್ನು, 60 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್ ಸಮೇತ, ಹಳೆಯದಾಗಿ ಕೊಂಡೆ. ರಜಾದಿನಗಳಲ್ಲಿ ಮನೆಯವರೊಂದಿಗೆ ಜುವಾರಿ ನದಿಯಲ್ಲಿ ಹೋಗಿಬರುತ್ತೇವೆ. ಉಳಿದ ದಿನ ದೋಣಿ ಟ್ರೈಲರ್ ಮೇಲೆ ಇರುತ್ತದೆ. ಕಳೆದ ಡಿಸೆಂಬರ್‌ನಲ್ಲಿ ಇಳಿತದ ಹೊತ್ತಿನಲ್ಲಿ ಮರಳುದಿಬ್ಬಕ್ಕೆ ತಾಗಿ ಪ್ರೊಪೆಲರಿನ ಎಲೆ ಮುರಿಯಿತು. ಆನಂತರ ಆಳಮಾಪಕವೊಂದನ್ನು ತಂದಿದ್ದೇನೆ. ಅದರೊಡನೆ ಬಂದಿರುವ ಟ್ರಾನ್ಸ್‌ಡ್ಯೂಸರನ್ನು ಹಿಂಬದಿಗೆ ಸ್ಕ್ರೂ ಹಾಕಿ ಕೂರಿಸಬೇಕೆಂದು ಕೈಪಿಡಿ ಹೇಳುತ್ತದೆ. ಮೆಕ್ಯಾನಿಕ್, ತಳಕ್ಕೆ ತೂತು ಕೊರೆದು ಕಂಚಿನದನ್ನು ಹಾಕುವುದೇ ಸರಿ ಎನ್ನುತ್ತಾರೆ. ಗೆಳೆಯರೊಬ್ಬರು ತೂತೇ ಬೇಡ, ಒಳಗಡೆ ಅಂಟಿಸಿದರೂ ಸಾಕು ಎನ್ನುತ್ತಾರೆ. ಯಾರ ಮಾತು ಕೇಳಲಿ?
— ಓದುಗರು, ವಾಸ್ಕೊ

ಉತ್ತರ: ನಿಮ್ಮ ದೋಣಿಗೆ ಕೈಪಿಡಿಯ ಮಾತೇ ಸರಿ: ಹಿಂಬದಿಗೆ ಕೂರಿಸಿ. ಆದರೆ ಮೂರು ವಿಧಾನಗಳೂ ಬಳಕೆಯಲ್ಲಿರುವಾಗ ನಿಮಗೆ ಇದೇ ಏಕೆ ಎಂಬುದನ್ನು ತಿಳಿದುಕೊಂಡರೆ, ಕೂರಿಸುವಾಗ ಎದುರಾಗುವ ಹತ್ತಾರು ಸಣ್ಣ ಪ್ರಶ್ನೆಗಳಿಗೆ ನೀವೇ ಉತ್ತರ ಕಂಡುಕೊಳ್ಳಬಲ್ಲಿರಿ.

ಟ್ರಾನ್ಸ್‌ಡ್ಯೂಸರ್ ಎಂಬುದು ಆಳಮಾಪಕದ ಬಾಯಿಯೂ ಹೌದು, ಕಿವಿಯೂ ಹೌದು. ಅದರೊಳಗಿನ ಪಿಂಗಾಣಿಯಂಥ ಬಿಲ್ಲೆಗೆ ವಿದ್ಯುತ್ ಮಿಡಿತ ಕೊಟ್ಟಾಗ ಅದು ಕಂಪಿಸಿ, ನಮ್ಮ ಕಿವಿಗೆ ಕೇಳದಷ್ಟು ಹೆಚ್ಚಿನ ಕಂಪನಾಂಕದ ಶಬ್ದವನ್ನು ನೀರಿಗೆ ಬಿಡುತ್ತದೆ. ತಳಕ್ಕೆ ಬಡಿದು ಮರಳಿದ ಪ್ರತಿಧ್ವನಿ ಅದೇ ಬಿಲ್ಲೆಯನ್ನು ಅಲುಗಿಸಿದಾಗ ಮತ್ತೆ ವಿದ್ಯುತ್ ಹುಟ್ಟುತ್ತದೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ ಸಾಗುವುದರಿಂದ, ಮೂರು ಮೀಟರ್ ಆಳದ ತಳವನ್ನು ಮುಟ್ಟಿ ಮರಳಲು ಅದಕ್ಕೆ ಬೇಕಾಗುವುದು ಸೆಕೆಂಡಿನ ಸಾವಿರದಲ್ಲಿ ನಾಲ್ಕು ಪಾಲು ಮಾತ್ರ. ಯಂತ್ರ ಆ ಸಮಯವನ್ನು ಅಳೆದು, ಅರ್ಧ ಮಾಡಿ, ಮೀಟರಿನಲ್ಲಿ ತೋರಿಸುತ್ತದೆ.

ಈ ವ್ಯವಸ್ಥೆಗೆ ಇರುವ ದೊಡ್ಡ ಶತ್ರು ಗಾಳಿ. ನೀರಿನಲ್ಲಿ ಸಾಗುತ್ತಿರುವ ಶಬ್ದಕ್ಕೆ ಗಾಳಿಯ ತೆಳುಪದರವೊಂದು ಎದುರಾದರೆ ಅದು ಬಹುತೇಕ ಪೂರ್ತಿಯಾಗಿ ಅಲ್ಲಿಂದಲೇ ಹಿಂದಿರುಗುತ್ತದೆ. ಟ್ರಾನ್ಸ್‌ಡ್ಯೂಸರಿನ ಮುಖದ ಕೆಳಗೆ ಗುಳ್ಳೆಗಳು ಹರಿದರೆ ಅದು ಕುರುಡಾಯಿತೆಂದೇ ಅರ್ಥ. ಆದ್ದರಿಂದ ಎಲ್ಲಿ ಕೂರಿಸಬೇಕು, ಹೇಗೆ ಕೂರಿಸಬೇಕು ಎಂಬ ಪ್ರಶ್ನೆಗಳೆಲ್ಲ ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ: ದೋಣಿ ಓಡುವಾಗಲೂ ಗುಳ್ಳೆಯಿಲ್ಲದ ನೀರು ಆ ಮುಖಕ್ಕೆ ಒತ್ತಿಕೊಂಡಿರುವ ಜಾಗ ಯಾವುದು?

ನಿಮ್ಮ ಮೆಕ್ಯಾನಿಕ್ ಹೇಳಿದ ವಿಧಾನದಲ್ಲಿ ಟ್ರಾನ್ಸ್‌ಡ್ಯೂಸರ್ ತಳದಲ್ಲೇ ಇರುವುದರಿಂದ ನೀರಿನ ಸಂಪರ್ಕ ಅತ್ಯುತ್ತಮವಾಗಿರುತ್ತದೆ. ಸದಾ ನೀರಿನಲ್ಲೇ ಲಂಗರು ಹಾಕಿರುವ ದೊಡ್ಡ ದೋಣಿಗಳಿಗೆ ಅದು ಒಪ್ಪುತ್ತದೆ. ಟ್ರೈಲರ್ ಮೇಲೆ ಏರಿಳಿಯುವ ನಿಮ್ಮ ದೋಣಿಯಲ್ಲಿ ತಳದಿಂದ ಹೊರಚಾಚಿದ ಕಂಚಿನ ತುಂಡು ರೋಲರಿಗೆ ಬಡಿಯುತ್ತದೆ. ಇದಲ್ಲದೆ ನಿಮ್ಮ ದೋಣಿಯ ತಳ ವಿ ಆಕಾರದ್ದಾದರೆ, ಸಾಮಾನ್ಯ ಟ್ರಾನ್ಸ್‌ಡ್ಯೂಸರ್ ನೇರ ಕೆಳಕ್ಕೆ ನೋಡದೆ ಓರೆಯಾಗಿ ನೋಡುತ್ತದೆ. ಅದನ್ನು ಸರಿಪಡಿಸಲು ಇಳಿಜಾರಿಗೆ ತಕ್ಕಂತೆ ಕತ್ತರಿಸಿದ ದಿಮ್ಮಿ ಬೇಕು, ಇಲ್ಲವೇ ಬಿಲ್ಲೆಯನ್ನು ಒಳಗೇ 12 ಅಥವಾ 20 ಡಿಗ್ರಿ ವಾಲಿಸಿಟ್ಟಿರುವ ಮಾದರಿ ಬೇಕು. ತಳದ ಫೈಬರ್ ಪದರಗಳ ನಡುವೆ ಫೋಮ್ ಅಥವಾ ಮರ ಇದ್ದರೆ, ತೂತಿನ ಸುತ್ತ ಅದನ್ನು ಕೆತ್ತಿ ತೆಗೆದು, ಆ ಜಾಗವನ್ನು ಎಪಾಕ್ಸಿಯಿಂದ ತುಂಬಿ ಗಟ್ಟಿ ಮಾಡಿದ ಮೇಲಷ್ಟೇ ಕೂರಿಸಬೇಕು. ಅಷ್ಟು ಮಾಡದೆ ಕೊರೆದ ತೂತಿನ ಮೂಲಕ ನೀರು ಒಡಲಿನೊಳಗೆ ವರ್ಷಗಟ್ಟಲೆ ಸದ್ದಿಲ್ಲದೆ ಹಬ್ಬುತ್ತದೆ. ವಾರಕ್ಕೊಮ್ಮೆ ನದಿಗಿಳಿಯುವ 19 ಅಡಿಯ ದೋಣಿಗೆ ನೀರಿನ ಮಟ್ಟದ ಕೆಳಗೆ ಇಷ್ಟು ದೊಡ್ಡ ತೂತು ಮಾಡಲು ನಾನಂತೂ ಒಪ್ಪುವುದಿಲ್ಲ.

ಗೆಳೆಯರ ಸಲಹೆಯನ್ನು ತಳ್ಳಿಹಾಕಬೇಡಿ. ಅದಕ್ಕೊಂದು ಷರತ್ತಿದೆ, ಅಷ್ಟೆ: ಆ ಜಾಗದಲ್ಲಿ ತಳ ಪೂರ್ತಿ ಗಟ್ಟಿ ಫೈಬರ್ ಆಗಿರಬೇಕು. ನಡುವೆ ಫೋಮ್ ಇದ್ದರೆ ಅದರೊಳಗಿನ ಗಾಳಿ ಶಬ್ದವನ್ನು ನುಂಗಿಬಿಡುತ್ತದೆ. ಮರದ ಅಥವಾ ಲೋಹದ ದೋಣಿಯಲ್ಲಿ ಈ ವಿಧಾನದಿಂದ ಕೆಲಸವಾಗುವುದಿಲ್ಲ. ಪರೀಕ್ಷೆಯೂ ಸುಲಭವಾಗಿದೆ. ದೋಣಿ ನೀರಿನಲ್ಲಿ ನಿಂತಿರುವಾಗ ಟ್ರಾನ್ಸ್‌ಡ್ಯೂಸರನ್ನು ಪಕ್ಕದಿಂದ ನೀರಿಗೆ ಇಳಿಬಿಟ್ಟು ಆಳ ನೋಡಿಕೊಳ್ಳಿ. ಬಳಿಕ ನೀರು ತುಂಬಿದ ಪ್ಲಾಸ್ಟಿಕ್ ಚೀಲದೊಳಗೆ ಅದನ್ನಿಟ್ಟು, ಒಳಗಡೆ ತಳವನ್ನು ಒದ್ದೆ ಮಾಡಿ, ಚೀಲವನ್ನು ಬೇರೆ ಬೇರೆ ಕಡೆ ಒತ್ತಿ ಹಿಡಿದು ನೋಡಿ. ಎರಡೂ ಅಂಕಿಗಳು ಹೆಚ್ಚುಕಡಿಮೆ ಒಂದೇ ಆಗಿ, ಪರದೆಯಲ್ಲಿ ನದಿತಳದ ಗೆರೆ ಗಟ್ಟಿಯಾಗಿ ಮೂಡಿದರೆ ಆ ಜಾಗ ಯೋಗ್ಯ. ಅಂಟಿಸುವ ಎಪಾಕ್ಸಿಯನ್ನು ನಿಧಾನವಾಗಿ ಕಲಸಬೇಕು. ಕಲಸುವಾಗ ಸೇರಿಕೊಂಡ ಒಂದು ಗುಳ್ಳೆ ಕೂಡ ಮುಂದೆ ಶಾಶ್ವತವಾಗಿ ಅಲ್ಲೇ ಉಳಿಯುತ್ತದೆ. ಈ ವಿಧಾನದಲ್ಲಿ ಶಬ್ದದ ಬಲ ಸ್ವಲ್ಪ ಕುಗ್ಗುತ್ತದೆ, ನೀರಿನ ಉಷ್ಣತೆಯೂ ಸರಿಯಾಗಿ ತಿಳಿಯುವುದಿಲ್ಲ. ನದಿಯ ಆಳಕ್ಕೆ ಮೊದಲನೆಯದು ಅಡ್ಡಿಯಲ್ಲ.

ಆದರೂ ಹಿಂಬದಿಯನ್ನೇ ಆರಿಸಿಕೊಳ್ಳಿ ಎನ್ನಲು ಕಾರಣ, ಅಲ್ಲಿ ತಪ್ಪಾದರೆ ತಿದ್ದಿಕೊಳ್ಳಬಹುದು. ಎತ್ತರವನ್ನೂ ಓರೆಯನ್ನೂ ಬದಲಿಸಬಹುದು. ಯಾವುದಕ್ಕಾದರೂ ಬಡಿದರೆ ಮೇಲಕ್ಕೆ ಮಡಚಿಕೊಳ್ಳುವ ಬ್ರಾಕೆಟ್‌ಗಳೂ ಇರುತ್ತವೆ.

ಜಾಗ ಹುಡುಕುವ ಕೆಲಸವನ್ನು ಅವಸರದಲ್ಲಿ ಮಾಡಬೇಡಿ. ಬೇರೊಬ್ಬರ ಕೈಗೆ ಚುಕ್ಕಾಣಿ ಕೊಟ್ಟು, ದೋಣಿ ತನ್ನ ಎಂದಿನ ವೇಗದಲ್ಲಿ ಓಡುತ್ತಿರುವಾಗ ಹಿಂಬದಿಯ ಅಂಚಿನಿಂದ ನೀರು ಹೇಗೆ ಬಿಡುಗಡೆಯಾಗುತ್ತದೆ ಎಂಬುದನ್ನು ಭದ್ರವಾಗಿ ಕುಳಿತು ಗಮನಿಸಿ. ಕೆಲವು ಕಡೆ ನೊರೆ, ಕೆಲವು ಕಡೆ ಗಾಜಿನಂಥ ನೀರು ಕಾಣುತ್ತದೆ. ತಳದ ಉದ್ದಕ್ಕೂ ಇರುವ ಏಣುಗಳು, ನೀರೆಳೆಯುವ ರಂಧ್ರಗಳು, ಹಳೆಯ ದುರಸ್ತಿಯ ಉಬ್ಬುಗಳು ತಮ್ಮ ಹಿಂದೆ ನೊರೆಯ ಜಾಡು ಬಿಡುತ್ತವೆ; ಅಂಥ ಯಾವುದರ ನೇರ ಹಿಂದೆಯೂ ಟ್ರಾನ್ಸ್‌ಡ್ಯೂಸರ್ ಇರಬಾರದು. ಪ್ರೊಪೆಲರಿನಿಂದ ಕನಿಷ್ಠ 38 ಸೆಂಟಿಮೀಟರ್ ದೂರವಿರಲಿ. ಹಿಂದಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ತಿರುಗುವ ಸಾಮಾನ್ಯ ಪ್ರೊಪೆಲರ್ ಆದರೆ ಬಲಬದಿಯೇ ಉತ್ತಮ, ಏಕೆಂದರೆ ಅಲ್ಲಿ ಎಲೆಗಳು ಕೆಳಮುಖವಾಗಿ ಚಲಿಸುತ್ತವೆ. ಎಂಜಿನ್ ಪೂರ್ತಿ ತಿರುಗಿದಾಗಲೂ, ದೋಣಿ ಟ್ರೈಲರ್ ಮೇಲೆ ಕುಳಿತಾಗಲೂ ಯಾವುದೂ ತಾಗದಂತೆ ನೋಡಿಕೊಳ್ಳಿ. ಫೈಬರ್ ದೋಣಿಯಲ್ಲಿ ಅದರ ಮುಖ ತಳದ ಅಂಚಿಗಿಂತ ಸುಮಾರು 3 ಮಿಲಿಮೀಟರ್ ಕೆಳಗಿದ್ದರೆ ಸಾಕು. ಹೆಚ್ಚು ಇಳಿಸಿದರೆ ಹಿಂದೆ ನೀರಿನ ಬುಗ್ಗೆ ಏಳುತ್ತದೆ, ಎತ್ತರಿಸಿದರೆ ಗಾಳಿ ಸೇರುತ್ತದೆ.

ಇನ್ನು ಸ್ಕ್ರೂಗಳ ವಿಚಾರ. ಇಲ್ಲಿ ನಾನು ಸ್ವಲ್ಪ ನಿಲ್ಲಲೇಬೇಕು. ಅನೇಕ ಫೈಬರ್ ದೋಣಿಗಳ ಹಿಂಬದಿ ಗೋಡೆಯೊಳಗೆ ಎಂಜಿನ್ನಿನ ಭಾರ ಹೊರಲು ಪ್ಲೈವುಡ್ ಇರುತ್ತದೆ. ದೋಣಿ ದುರಸ್ತಿಯ ಕೆಲಸಕ್ಕೆ ಬಂದ ಹೊಸದರಲ್ಲಿ ನಾನು ಒಂದು ದೋಣಿಗೆ ಇದೇ ಬಗೆಯ ಬ್ರಾಕೆಟ್ ಹಾಕುವಾಗ ತೂತುಗಳಿಗೆ ಸೀಲಂಟ್ ತುಂಬದೆ, ಬ್ರಾಕೆಟ್ಟಿನ ಸುತ್ತ ಹೊರಗಿನಿಂದ ಬಳಿದು ಕೈತೊಳೆದುಕೊಂಡಿದ್ದೆ. ಮೂರನೆಯ ಮಳೆಗಾಲದ ಬಳಿಕ ಮಾಲೀಕರು ಅದೇ ದೋಣಿಯನ್ನು ತಂದರು. ಸ್ಕ್ರೂ ಬಿಚ್ಚಿದೊಡನೆ ತೂತಿನಿಂದ ಕಂದು ಬಣ್ಣದ ನೀರು ಇಳಿಯಿತು. ಒಳಗಿನ ಪ್ಲೈವುಡ್ ಬೆರಳಿಗೆ ಪುಡಿಯಾಗುವಷ್ಟು ಕೊಳೆತಿತ್ತು. ಎಂಜಿನ್ ತೂಗುವ ಗೋಡೆಯೇ ಅದು. ಹೊಸ ಪ್ಲೈವುಡ್ ಹಾಕಿ ಫೈಬರ್ ಕಟ್ಟುವ ಪೂರ್ತಿ ಖರ್ಚನ್ನು ನಾನೇ ಹೊತ್ತೆ. ಆ ದಿನದಿಂದ ನೀರಿನ ಮಟ್ಟದ ಕೆಳಗಿನ ಪ್ರತಿಯೊಂದು ತೂತಿಗೂ ಮೊದಲು ಸೀಲಂಟ್ ತುಂಬಿ, ಆಮೇಲೆ ಸೀಲಂಟ್ ಸವರಿದ ಸ್ಕ್ರೂ ತಿರುಗಿಸುವುದನ್ನು ಒಮ್ಮೆಯೂ ತಪ್ಪಿಸಿಲ್ಲ.

ನಿಮಗೆ ಇನ್ನೂ ಸುರಕ್ಷಿತವಾದ ದಾರಿಯೊಂದಿದೆ. ದಪ್ಪ ಎಚ್‌ಡಿಪಿಇ ಪ್ಲಾಸ್ಟಿಕ್ ಹಲಗೆಯ ತುಂಡೊಂದನ್ನು ಗೋಡೆಗೆ ಒಮ್ಮೆ ಭದ್ರವಾಗಿ ಕೂರಿಸಿ, ಬ್ರಾಕೆಟ್ಟನ್ನು ಆ ಹಲಗೆಗೆ ಮಾತ್ರ ಸ್ಕ್ರೂ ಮಾಡಿದರೆ, ಮುಂದೆ ಜಾಗ ಬದಲಿಸಿದಾಗಲೂ ದೋಣಿಗೆ ಹೊಸ ತೂತು ಬೀಳುವುದಿಲ್ಲ. ಈ ಪ್ಲಾಸ್ಟಿಕ್ಕಿಗೆ ಸಾಮಾನ್ಯ ಅಂಟುಗಳು ಹಿಡಿಯುವುದಿಲ್ಲವಾದ್ದರಿಂದ ಅದಕ್ಕೆಂದೇ ತಯಾರಾದ ಅಂಟು ಬೇಕು; ಅದು ಸಿಗದಿದ್ದರೆ ಹಲಗೆಯನ್ನು ಎರಡೋ ನಾಲ್ಕೋ ಸ್ಕ್ರೂಗಳಿಂದ, ಮೇಲೆ ಹೇಳಿದಂತೆ ಸೀಲಂಟ್ ತುಂಬಿ, ಬಿಗಿಯಿರಿ. ಸೀಲಂಟ್ ನೀರಿನ ಮಟ್ಟದ ಕೆಳಗೆ ಬಳಸಲು ತಕ್ಕದಾದ ಮೆರೈನ್ ಪಾಲಿಯುರೆಥೇನ್ ಆಗಿರಲಿ. ಸ್ನಾನದ ಮನೆಗೆ ಹಚ್ಚುವ ಸಿಲಿಕೋನ್ ಇಲ್ಲಿ ಬೇಡ. ಸ್ಕ್ರೂಗಳು 316 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನವಾಗಿರಲಿ. ಕೊರೆಯುವಾಗ ತೂತಿನ ಬಾಯಿಯನ್ನು ಸ್ವಲ್ಪ ಅಗಲಿಸಿದರೆ ಫೈಬರಿನ ಮೇಲಿನ ನುಣುಪು ಪದರವಾದ ಜೆಲ್‌ಕೋಟ್ ಸೀಳುವುದಿಲ್ಲ.

ಕೇಬಲ್ ಉದ್ದವಾಯಿತೆಂದು ಕತ್ತರಿಸಬೇಡಿ, ಸುರುಳಿ ಸುತ್ತಿಡಿ. ಎಂಜಿನ್ನಿನ ತಂತಿಗಳಿಂದಲೂ ವಿಎಚ್‌ಎಫ್ ರೇಡಿಯೊದ ತಂತಿಯಿಂದಲೂ ಅದನ್ನು ದೂರ ಒಯ್ಯಿರಿ. ವಿದ್ಯುತ್ತನ್ನು ಕೈಪಿಡಿ ಹೇಳಿದ ಅಳತೆಯ ಫ್ಯೂಸ್ ಮೂಲಕ ನೇರ ಬ್ಯಾಟರಿಯಿಂದ ಪಡೆಯಿರಿ.

ಕೊನೆಯದಾಗಿ, ನಿಮ್ಮ ಪತ್ರದಲ್ಲಿರುವ ಮರಳುದಿಬ್ಬದ ಬಗ್ಗೆ. ಟ್ರಾನ್ಸ್‌ಡ್ಯೂಸರ್ ಹಿಂಬದಿಯಲ್ಲಿದೆ, ಅದು ತೋರಿಸುವುದು ಹಿಂಬದಿಯ ಕೆಳಗಿನ ಆಳವನ್ನು. 20 ಡಿಗ್ರಿ ಅಗಲದ ಶಬ್ದದ ಶಂಕು ಮೂರು ಮೀಟರ್ ಆಳದಲ್ಲಿ ನೋಡುವುದು ಸುಮಾರು ಒಂದು ಮೀಟರ್ ಅಗಲದ ವೃತ್ತವನ್ನಷ್ಟೇ. 20 ನಾಟ್ ವೇಗದಲ್ಲಿ ದೋಣಿ ಸೆಕೆಂಡಿಗೆ ಹತ್ತು ಮೀಟರಿಗೂ ಹೆಚ್ಚು ಸಾಗುತ್ತದೆ. ಅಂದರೆ ಎಚ್ಚರಿಕೆಯ ಗಂಟೆ ನಿಮ್ಮ ಕಿವಿಗೆ ಬಿದ್ದು ಕೈ ಥ್ರಾಟಲ್‌ಗೆ ಹೋಗುವಷ್ಟರಲ್ಲಿ ದೋಣಿ ದಿಬ್ಬದ ಮೇಲಿರುತ್ತದೆ. ಗೊತ್ತಿಲ್ಲದ ಜಾಗದಲ್ಲಿ ವೇಗ ತಗ್ಗಿಸಿ, ಸಾಧ್ಯವಾದರೆ ಭರತ ಏರುತ್ತಿರುವ ಹೊತ್ತಿನಲ್ಲಿ ಹೋಗಿ. ಆಗ ತಾಗಿದರೂ ಏರುವ ನೀರು ದೋಣಿಯನ್ನು ಎತ್ತಿಕೊಡುತ್ತದೆ. ಇಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ಸುಮಾರು ಎರಡು ಮೀಟರ್ ವ್ಯತ್ಯಾಸವಿರುವುದನ್ನು ಮರೆಯಬೇಡಿ.

ಪ್ರಶ್ನೆ: ಬೇತಿಂನಲ್ಲಿ ನೀರಿನಲ್ಲೇ ಕಟ್ಟಿಡುವ ನನ್ನ 17 ಅಡಿಯ ದೋಣಿಗೆ ಹಿಂಬದಿಯ ಟ್ರಾನ್ಸ್‌ಡ್ಯೂಸರ್ ಇದೆ. ಮಾಂಡೋವಿಯಲ್ಲಿ ನಿಧಾನವಾಗಿ ಹೋಗುವಾಗ ಆಳ ಸರಿಯಾಗಿ ಬರುತ್ತದೆ. 12 ನಾಟ್ ದಾಟಿದೊಡನೆ ಅಂಕಿಗಳು ಮಿನುಗಿ ಮಾಯವಾಗುತ್ತವೆ. ಯಂತ್ರವನ್ನೇ ಬದಲಿಸಬೇಕೆಂದು ಅಂಗಡಿಯವರು ಹೇಳುತ್ತಾರೆ.
— ಓದುಗರು, ಪಣಜಿ

ಉತ್ತರ: ಹಣ ಖರ್ಚು ಮಾಡುವ ಮೊದಲು ದಯವಿಟ್ಟು ಒಂದು ಪರೀಕ್ಷೆ ಮಾಡಿ. ದೋಣಿಯನ್ನು ಭದ್ರವಾಗಿ ಕಟ್ಟಿ, ಗೇರ್ ಹಾಕದೆ ನ್ಯೂಟ್ರಲ್‌ನಲ್ಲೇ ಎಂಜಿನ್ನಿನ ವೇಗವನ್ನು ಮಿತವಾಗಿ ಏರಿಸಿ ಪರದೆ ನೋಡಿ. ನಿಂತಲ್ಲೇ ಚುಕ್ಕೆಗಳೂ ಗೆರೆಗಳೂ ಎದ್ದು, ಎಂಜಿನ್ನಿನ ವೇಗದೊಡನೆ ಹೆಚ್ಚುತ್ತ ಹೋದರೆ ತೊಂದರೆ ವಿದ್ಯುತ್ತಿನದು: ತಂತಿಗಳನ್ನು ದೂರ ಸರಿಸಬೇಕು. ನಿಂತಾಗ ಪರದೆ ಸ್ವಚ್ಛವಾಗಿದ್ದು ಓಡಿದಾಗ ಮಾತ್ರ ಕೆಟ್ಟರೆ ತೊಂದರೆ ನೀರಿನದು, ಅಂದರೆ ಗುಳ್ಳೆಯದು. ನೀವು ಬರೆದಿರುವ ಲಕ್ಷಣ ಎರಡನೆಯದಕ್ಕೇ ಹೊಂದುತ್ತದೆ. ಅದಕ್ಕೆ ಹೊಸ ಯಂತ್ರ ಪರಿಹಾರವಲ್ಲ. ಅದೂ ಅದೇ ಜಾಗದಲ್ಲಿ ಅದೇ ರೀತಿ ಕುರುಡಾಗುತ್ತದೆ.

ದೋಣಿ ನೀರಿನಲ್ಲೇ ಇರುವುದರಿಂದ ಮೊದಲು ಟ್ರಾನ್ಸ್‌ಡ್ಯೂಸರಿನ ಮುಖವನ್ನು ಕೈಯಿಂದ ಸವರಿ ನೋಡಿ. ನಮ್ಮ ಬೆಚ್ಚನೆಯ ಅಳಿವೆ ನೀರಿನಲ್ಲಿ ಪಾಚಿಯೂ ಬಾರ್ನಕಲ್ ಎಂಬ ಬಿಳಿಯ ಚಿಪ್ಪುಜೀವಿಗಳೂ ಬಹಳ ಬೇಗ ಅಂಟಿಕೊಳ್ಳುತ್ತವೆ. ಒಂದೇ ಒಂದು ಚಿಪ್ಪು ಓಡುವ ದೋಣಿಯ ಕೆಳಗೆ ಗುಳ್ಳೆಗಳ ಬಾಲವನ್ನೇ ಎಬ್ಬಿಸಬಲ್ಲದು. ಮೆತ್ತನೆಯ ಬಟ್ಟೆಯಿಂದ ಉಜ್ಜಿ. ಹೋಗದಿದ್ದರೆ 220 ಅಥವಾ ಅದಕ್ಕಿಂತ ನುಣುಪಾದ ವಾಟರ್ ಪೇಪರನ್ನು ಒದ್ದೆ ಮಾಡಿ ಹಗುರವಾಗಿ ಬಳಸಿ. ಉಳಿಯಿಂದಲೋ ಚಾಕುವಿನಿಂದಲೋ ಕೆರೆಯಬೇಡಿ. ಚಿಪ್ಪು ಕೂರದಂತೆ ಬಣ್ಣ ಹಚ್ಚುವುದಾದರೆ ನೀರು ಆಧಾರಿತ ಆಂಟಿಫೌಲಿಂಗ್ ಬಣ್ಣವನ್ನೇ ತೆಳುವಾಗಿ ಹಚ್ಚಿ. ದೋಣಿಯ ತಳಕ್ಕೆ ಬಳಿಯುವ ಕೀಟೋನ್ ದ್ರಾವಕವಿರುವ ಬಣ್ಣಗಳು ಟ್ರಾನ್ಸ್‌ಡ್ಯೂಸರಿನ ಪ್ಲಾಸ್ಟಿಕ್ಕನ್ನು ತಿನ್ನುತ್ತವೆ.

ಮುಖ ಸ್ವಚ್ಛವಿದ್ದೂ ತೊಂದರೆ ಹೋಗದಿದ್ದರೆ ಟ್ರಾನ್ಸ್‌ಡ್ಯೂಸರನ್ನು 3 ಮಿಲಿಮೀಟರಿನಷ್ಟು ಕೆಳಗಿಳಿಸಿ ಓಡಿಸಿ ನೋಡಿ. ಸಾಲದಿದ್ದರೆ ಹಿಂಭಾಗ ಮುಂಭಾಗಕ್ಕಿಂತ ತುಸುವೇ ಕೆಳಗಾಗುವಂತೆ ಓರೆ ಮಾಡಿ. ಎರಡನ್ನೂ ಒಂದೇ ಸಲ ಬದಲಿಸಿದರೆ ಗುಣ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ, ಆದ್ದರಿಂದ ಒಂದೊಂದಾಗಿ ಮಾಡಿ. ಇಷ್ಟಕ್ಕೂ ಬಗ್ಗದಿದ್ದರೆ ಜಾಗವೇ ತಪ್ಪಾಗಿದೆ. ಮೇಲಿನ ಉತ್ತರದಲ್ಲಿ ಹೇಳಿದಂತೆ ನೀರಿನ ಜಾಡನ್ನು ನೋಡಿ ಬೇರೆ ಜಾಗ ಹುಡುಕಿ, ಹಳೆಯ ತೂತುಗಳನ್ನು ಎಪಾಕ್ಸಿಯಿಂದ ಮುಚ್ಚಿ.

ಪ್ರಶ್ನೆ: ಬೇತೂಲ್ ಬಳಿ ಸಾಳ ನದಿಯಲ್ಲಿ ನನ್ನ ದೋಣಿ 1.2 ಮೀಟರ್ ಆಳ ತೋರಿಸುವಾಗ, ಪಕ್ಕದಲ್ಲೇ ನಿಂತ ಇನ್ನೊಂದು ದೋಣಿ 1.8 ಮೀಟರ್ ತೋರಿಸುತ್ತದೆ. ಯಾವುದನ್ನು ನಂಬಬೇಕು?
— ಓದುಗರು, ಮಡಗಾಂವ್

ಉತ್ತರ: ಎರಡೂ ಸರಿಯಿರಬಹುದು. ಆಳ ಎಂದರೆ ಎಲ್ಲಿಂದ ಎಂದು ಯಂತ್ರಕ್ಕೆ ನಾವೇ ಹೇಳಿಕೊಡಬೇಕು. ಏನೂ ಹೇಳದಿದ್ದರೆ ಅದು ಟ್ರಾನ್ಸ್‌ಡ್ಯೂಸರಿನ ಮುಖದಿಂದ ಅಳೆಯುತ್ತದೆ. ಯಂತ್ರದ ಸೆಟ್ಟಿಂಗ್‌ನಲ್ಲಿ ಆಫ್‌ಸೆಟ್ ಎಂಬ ಅಂಕಿ ಇದೆ. ನಿಮ್ಮ ಟ್ರಾನ್ಸ್‌ಡ್ಯೂಸರ್ ನೀರಿನ ಮೇಲ್ಮೈಯಿಂದ 25 ಸೆಂಟಿಮೀಟರ್ ಕೆಳಗಿದ್ದು, ನೀರಿನ ಒಟ್ಟು ಆಳ ಬೇಕಿದ್ದರೆ ಅಷ್ಟನ್ನು ಕೂಡಿಸಬೇಕು; ಪ್ರೊಪೆಲರಿನ ಕೆಳತುದಿ ಟ್ರಾನ್ಸ್‌ಡ್ಯೂಸರಿಗಿಂತ 35 ಸೆಂಟಿಮೀಟರ್ ಕೆಳಗಿದ್ದು, ಅದರಡಿಯ ನೀರು ಎಷ್ಟೆಂದು ತಿಳಿಯಬೇಕಿದ್ದರೆ ಅಷ್ಟನ್ನು ಕಳೆಯಬೇಕು. ಈ ಎರಡು ಪದ್ಧತಿಗಳ ನಡುವಿನ ಅಂತರವೇ 60 ಸೆಂಟಿಮೀಟರ್ ಆಯಿತು. ಇವು ಉದಾಹರಣೆಯ ಅಂಕಿಗಳು. ನಿಮ್ಮ ದೋಣಿಯನ್ನು ಟೇಪ್ ಹಿಡಿದು ಅಳೆಯಿರಿ. ಆಳವಿಲ್ಲದ ನದಿಯಲ್ಲಿ ಪ್ರೊಪೆಲರಿನಡಿಯ ಲೆಕ್ಕವನ್ನೇ ನಾನು ಇಷ್ಟಪಡುತ್ತೇನೆ, ಏಕೆಂದರೆ ಆಗ ಸೊನ್ನೆ ಎಂದರೆ ತಾಗಿತು ಎಂದೇ ಅರ್ಥ. ನೌಕಾ ನಕ್ಷೆಯೊಡನೆ ಹೋಲಿಸುವವರಿಗೆ ಮಾತ್ರ ಮೇಲ್ಮೈಯಿಂದ ಅಳೆದ ಆಳ ಬೇಕು, ಅದರಿಂದ ಆ ಹೊತ್ತಿನ ಉಬ್ಬರದ ಎತ್ತರವನ್ನೂ ಕಳೆಯಬೇಕು. ನೀವು ಆರಿಸಿದ ಪದ್ಧತಿ ಯಾವುದೆಂದು ಚುಕ್ಕಾಣಿಯ ಬಳಿ ಬರೆದು ಅಂಟಿಸಿ. ದೋಣಿಯನ್ನು ಬೇರೊಬ್ಬರು ನಡೆಸುವ ದಿನ ಅದು ಬೇಕಾಗುತ್ತದೆ.

ಆಫ್‌ಸೆಟ್ ಸರಿಯಿದೆಯೇ ಎಂದು ನೋಡಲು ಹಗ್ಗವೇ ಸಾಕು. ಜರ್ಮನಿಯ ಅಲೆಕ್ಸಾಂಡರ್ ಬೆಹ್ಮ್ 1913ರಲ್ಲಿ ಪ್ರತಿಧ್ವನಿಯ ಆಳಮಾಪಕಕ್ಕೆ ಪೇಟೆಂಟ್ ಪಡೆಯುವ ಮೊದಲು ನಾವಿಕರಿಗೆ ಮುಖ್ಯ ಆಧಾರವಾಗಿದ್ದದ್ದು ಸೀಸದ ಗುಂಡು ಕಟ್ಟಿದ ಹಗ್ಗ. ಅದು ಇಂದಿಗೂ ದೋಣಿಯಲ್ಲಿರಬೇಕಾದ ವಸ್ತು. ಗಟ್ಟಿ ಮರಳಿನ ತಳವಿರುವಲ್ಲಿ, ನೀರು ನಿಂತಿರುವ ಹೊತ್ತಿನಲ್ಲಿ, ಹಗ್ಗವನ್ನು ಟ್ರಾನ್ಸ್‌ಡ್ಯೂಸರಿನ ಪಕ್ಕದಲ್ಲೇ ನೇರ ಇಳಿಸಿ ಅಳೆದು ಯಂತ್ರದ ಅಂಕಿಯೊಡನೆ ಹೋಲಿಸಿ. ಕೆಸರಿರುವಲ್ಲಿ ಈ ಹೋಲಿಕೆ ಮಾಡಬೇಡಿ: 200 ಕಿಲೋಹರ್ಟ್ಸ್ ಶಬ್ದ ಮೆತ್ತನೆಯ ಕೆಸರಿನ ಮೇಲ್ಪದರದಿಂದಲೇ ಮರಳುತ್ತದೆ, ಸೀಸದ ಗುಂಡು ಅದರೊಳಗೆ ಇಳಿಯುತ್ತದೆ. ಗಟ್ಟಿ ತಳದ ತೀರಾ ಕಡಿಮೆ ನೀರಿನಲ್ಲಿ ಇನ್ನೊಂದು ವಿಚಿತ್ರವೂ ಕಾಣಬಹುದು. ಪ್ರತಿಧ್ವನಿ ತಳದಿಂದ ಮೇಲ್ಮೈಗೂ ದೋಣಿಯ ಒಡಲಿಗೂ ಬಡಿದು ಎರಡನೆಯ ಸಲ ತಳಕ್ಕೆ ಹೋಗಿ ಮರಳುವುದರಿಂದ, ಆಳ ಇದ್ದಕ್ಕಿದ್ದಂತೆ ಸರಿಯಾಗಿ ಎರಡು ಪಟ್ಟು ಕಾಣಿಸುತ್ತದೆ. 0.8 ಎಂದಿದ್ದ ಅಂಕಿ ತಟ್ಟನೆ 1.6ಕ್ಕೆ ಹಾರಿದರೆ ನೀರು ಆಳವಾಯಿತೆಂದು ತಿಳಿದು ವೇಗ ಹೆಚ್ಚಿಸಬೇಡಿ. ದೋಣಿ ನಿಲ್ಲಿಸಿ ಹಗ್ಗ ಇಳಿಸಿ ನೋಡಿ.